ಸದ್ದು ಮುಗಿಯುವ ಜಾಗ

ಹೆಸರಲ್ಲೇ ಉಪ್ಪಿನಕಾಯಿ. ಊಟಕ್ಕಿಲ್ಲ.
ಬಲೆಯ ಎರಡೂ ಬದಿಯ ಏಳಡಿಗೆ
ಅಡುಗೆಮನೆ ಅಂತಾರೆ. ಒಲೆಯಿಲ್ಲ.
ಅಲ್ಲಿ ನಿಂತು, ನೆಲ ಮುಟ್ಟದ ಚೆಂಡನ್ನು
ಹೊಡೆದರೆ ತಪ್ಪು.
ಇಷ್ಟು ಗೊತ್ತಿದ್ದರೆ ಸಾಕು,
ಅಸ್ಟೋರಿಯಾದಲ್ಲಿ ಬೆಳಗಿನ ಏಳಕ್ಕೆ
ಜೊತೆಗೆ ಮೂವರು ಸಿಗುತ್ತಾರೆ.

ಸಿಗದೇ ಇದ್ದದ್ದು ಜಾಗ.
ಇಳಿಜಾರಿಗೆ ಉಗುರೂರಿ ನಿಂತ ಊರು ಇದು,
ಸಪಾಟು ನೆಲ ಅಂದರೆ ಗೋರಿ, ಪಾರ್ಕಿಂಗು
ಮತ್ತೊಂದು ಹಳೇ ಟೆನಿಸ್ ಅಂಗಳ.
ಅದರ ಬಿಳಿ ಗೆರೆಗಳ ಒಳಗೆ
ಗ್ಲೆನಿಸ್ ನೀಲಿ ಸೀಮೆಸುಣ್ಣದಲ್ಲಿ
ನಮ್ಮ ಗೆರೆ ಎಳೆದಳು.
ಮಳೆ ಅಳಿಸಿತು. ಮತ್ತೆ ಎಳೆದಳು.
ಮೂವತ್ತು ವರ್ಷ ಊರವರ ಹಲ್ಲು ಉಜ್ಜಿದ ಕೈ,
ಕೂದಲೆಳೆಯಷ್ಟೂ ತಪ್ಪುವುದಿಲ್ಲ.

ಬೇಲಿಗೆ ಒರಗಿಸಿದ ಬ್ಯಾಟುಗಳೇ ಪಾಳಿ.
ಏಡಿ ಸುಲಿಯುವ ರಾತ್ರಿ ಕೆಲಸ ಮುಗಿಸಿ
ಲೂರ್ಡೆಸ್ ಬರುತ್ತಿದ್ದಳು, ಉಗುರಲ್ಲಿ ಇನ್ನೂ ಕಡಲು.
ಹಡಗುಗಳಿಗೆ ದಾರಿ ತೋರಿಸುವ ಡೆನ್ಬಿ,
ನದಿಯ ಮರಳದಿಬ್ಬಗಳೆಲ್ಲ ಬಾಯಿಪಾಠ,
ಸರ್ವ್ ಮಾತ್ರ ನೇರ ಬಲೆಗೆ.
ನಾನು, ದೋಣಿಯ ಎಂಜಿನ್ ಬಿಚ್ಚುವವನು.
ಯಾರ ಬ್ಯಾಟು ಮೊದಲೋ ಅವರು ಮೊದಲು.
ಊರಲ್ಲಿ ಬೇರೆಲ್ಲೂ ಹೀಗಿಲ್ಲ.

ಎದುರು ಮನೆಯ ಆರ್ವಿಡ್ ಕೊಸ್ಕೆಲಾ
ಒಂದು ದಿನ ಬಾಗಿಲು ತೆರೆದು ಬಂದ.
ಟೆನಿಸಿನ ಸದ್ದು ಕೆಮ್ಮಿನ ಹಾಗೆ, ತಾಳಬಹುದು,
ನಿಮ್ಮದು ನಲ್ಲಿ ಸೋರಿದ ಹಾಗೆ, ಅಂದ.
ಟಕ್. ಟಕ್. ಆಮೇಲೆ ಸುಮ್ಮನೆ. ಆಮೇಲೆ, ಟಕ್.
ಆ ಸುಮ್ಮನೆ ಇದೆಯಲ್ಲ, ಅದೇ
ನನ್ನನ್ನು ಕೊಲ್ಲುತ್ತಿರುವುದು.

ಅರ್ಜಿ ಕೊಟ್ಟ. ಗೇಟಿಗೆ ಬೀಗ ಬಿತ್ತು.
ನಾವು ಬೈದದ್ದನ್ನು ಇಲ್ಲಿ ಬರೆಯುವುದಿಲ್ಲ.
ಲೂರ್ಡೆಸ್ ತನ್ನ ಭಾಷೆಯಲ್ಲಿ ಬೈದಳು,
ಅರ್ಥವಾಗಲಿಲ್ಲ, ಹಾಯೆನಿಸಿತು.

ಬೇಸಿಗೆಯಿಡೀ ಅಲೆದೆವು.
ಶಾಲೆಯ ಹಿಂದೆ: ನೆಲ ಬಿರುಕು, ಬಿರುಕಲ್ಲಿ ಮುಳ್ಳುಬಳ್ಳಿ.
ಚರ್ಚಿನ ಪಕ್ಕ: ಭಾನುವಾರ ಬಿಟ್ಟು, ಮದುವೆ ಬಿಟ್ಟು, ಸಾವು ಬಿಟ್ಟು.
ನದಿಯಾಚೆ: ನಾಲ್ಕು ಮೈಲಿ ಸೇತುವೆ, ಅಂಗಳ ಚಿನ್ನ,
ಗಾಳಿ ಮಾತ್ರ ಚೆಂಡನ್ನು ತನ್ನ ಮನೆಗೆ ಒಯ್ಯುತ್ತದೆ.
ಎಲ್ಲವನ್ನೂ ಡೆನ್ಬಿ
ಕಳೆದ ವರ್ಷದ ಉಬ್ಬರವಿಳಿತದ ಪಟ್ಟಿಯ ಹಿಂಬದಿಗೆ
ಬರೆದುಕೊಂಡ. ಯಾರು ಕೇಳಿದರೂ ಒಂದು ಪ್ರತಿ.

ಸೆಪ್ಟೆಂಬರಿನಲ್ಲಿ ಆರ್ವಿಡ್ ನನ್ನ ಶೆಡ್ಡಿಗೆ ಬಂದ,
ಕೈಯಲ್ಲೊಂದು ಹಾಳೆ.
ಬೇಸಿಗೆಯಿಡೀ ಅವನೂ ಅಲೆದಿದ್ದನಂತೆ,
ನಮ್ಮನ್ನು ಸಾಗಹಾಕಲು ಒಂದು ಜಾಗಕ್ಕಾಗಿ.

ಮುಚ್ಚಿದ ಮೀನಿನ ಡಬ್ಬಿ ಕಾರ್ಖಾನೆಯ ಹಿಂದೆ
ಬಲೆ ಒಣಹಾಕುತ್ತಿದ್ದ ಕಾಂಕ್ರೀಟು ನೆಲ.
ಮೂರು ಕಡೆ ಗೋಡೆ.
ನನ್ನಪ್ಪ ಇಲ್ಲೇ ಕೂತು ಬಲೆ ಹೊಲಿಯುತ್ತಿದ್ದ, ಅಂದ,
ನಿಮ್ಮದನ್ನೂ ಕಟ್ಟಿ ನೋಡೋಣ.
ನೀವು ಆಡಿ. ನಾನು ನಡೆಯುತ್ತೇನೆ.

ನಾವು ಹೊಡೆದೆವು. ಅವನು ಕೋಲೂರಿ
ಬೆನ್ನು ತೋರಿಸಿ ಹೊರಟ.
ಹಳಿ ದಾಟಿ ನಿಂತ. ಕಿವಿ ಕೊಟ್ಟ.
ತಲೆಯಲ್ಲಾಡಿಸಿದ: ಇನ್ನೂ ಇದೆ.
ಕಟ್ಟಿಗೆ ರಾಶಿಯ ಹತ್ತಿರ ನಿಂತ: ಇನ್ನೂ.
ಅಷ್ಟರಲ್ಲಿ ನಮಗೆ ಅಂಕ ಎಣಿಸುವುದು ಮರೆತು
ಅವನ ಬೆನ್ನನ್ನೇ ನೋಡುತ್ತ ಹೊಡೆಯುತ್ತಿದ್ದೆವು.
ಮುನ್ನೂರ ಹನ್ನೆರಡನೇ ಹೆಜ್ಜೆಗೆ ಕೈ ಎತ್ತಿದ.
ಅಲ್ಲಿ ಬೇಲಿಗಂಬಕ್ಕೊಂದು ಬಿಳಿ ಗೆರೆ ಬಳಿದ:
ಸದ್ದು ಇಲ್ಲಿಗೆ ಮುಗಿಯಿತು.
ಗೆರೆಯಾಚೆಗೆ ಮೊದಲ ಮನೆ.

ಪಟ್ಟಿಯ ತುದಿಗೆ ಅದೂ ಸೇರಿತು.
ಸೀಸೈಡಿನವರು ಬಂದರು, ವಾರಾಂತ್ಯಕ್ಕೆ
ಪೋರ್ಟ್‌ಲ್ಯಾಂಡಿನವರು, ಕಾರಿನ ಮೇಲೆ ನಾಯಿಯ ಚಿತ್ರ.
ಹಂಚಿದಷ್ಟೂ ಹೆಚ್ಚುತ್ತದೆ ಎನ್ನುವವರು
ಜಾಗ ಹಂಚಿದವರಲ್ಲ.
ನಾಲ್ಕಾಟ ಆಡುತ್ತಿದ್ದೆ, ಈಗ ಎರಡು.
ಹೇಳಬಾರದಿತ್ತು, ಎಂದು ಗ್ಲೆನಿಸ್ ಗೊಣಗುತ್ತಾಳೆ,
ಗೊಣಗುತ್ತಲೇ ಯಾರಿಗೋ ದಾರಿ ಬರೆದು ಕೊಡುತ್ತಾಳೆ.

ನಿನ್ನೆ ಬೇಲಿಯಲ್ಲಿ ಒಂಬತ್ತು ಬ್ಯಾಟು.
ಆರನೆಯದಕ್ಕೂ ಏಳನೆಯದಕ್ಕೂ ನಡುವೆ
ಒಂದು ಊರುಗೋಲು.
ಪಾಳಿ ಬಂದಾಗ ಲೂರ್ಡೆಸ್ ಎತ್ತಿ ಹಿಡಿದು
ಯಾರದಿದು, ಯಾರದು, ಎಂದು ಕೂಗಿದಳು.

ಆರ್ವಿಡ್ ನದಿಯ ಕಡೆ ಮುಖ ಮಾಡಿ ನಿಂತಿದ್ದ,
ತನ್ನ ಗೆರೆಯಿಂದ
ಮುನ್ನೂರ ಹನ್ನೆರಡು ಹೆಜ್ಜೆ ಒಳಗೆ.