ಹಳದಿ, ಹಸಿರು, ನೀಲಿ

ಗುರಬಸವ್ವನ ಸೈಕಲ್ಲು ಗೇರಿಲ್ಲದ್ದು.
ಇಷ್ಟು ಮೊದಲೇ ಹೇಳಿಬಿಡುತ್ತೇನೆ,
ಯಾಕೆಂದರೆ ಬಾಳೇಶಿ, ದಸ್ತಗೀರ ಇಬ್ಬರೂ
ನನ್ನ ಅಂಗಡಿ ಕಟ್ಟೆಯ ಮೇಲೆ ಕೂತು
ಮೂರು ಸಂಜೆ ಜಗಳಾಡಿದ್ದು
ಇದನ್ನು ಮರೆತು.

‘ಮೋಟರ್ ನಡುವ ಇರಬೇಕು,’ ಬಾಳೇಶಿ,
ಲೇತಿನ ಎಣ್ಣೆಗೈ ಆಡಿಸುತ್ತ,
‘ಪೆಡಲಿನ ಬುಡಕ್ಕ.
ನೊಗ ಕಟ್ಟೂದು ಎತ್ತಿನ ಹೆಗಲಿಗೆ, ಬಾಲಕ್ಕಲ್ಲ.
ನಾಳೆ ರಾಮತೀರ್ಥದ ಏರು ಹತ್ತಬೇಕಂದ್ರ?’

‘ಯಾಂವ ಹತ್ತತಾನ ರಾಮತೀರ್ಥ?’ ದಸ್ತಗೀರ,
ಬಾಯಿಯ ಎಲೆ ಅಡಕೆ ಒಂದು ದವಡೆಗೆ ಸರಿಸಿ,
‘ಆಕಿ ಹೋಗೂದು ಬನಹಟ್ಟಿಯಿಂದ ರಬಕವಿಗೆ,
ಕಂಡಿಕಿ ಚೀಲ ಹೇರಿಕೊಂಡು.
ಗಾಲಿಯ ಹೊಕ್ಕಳದಾಗ ಕೂಡಸು.
ನಿನ್ನ ನಡುವಿನ ಮೋಟರ್
ಚೈನ್ ತಿಂತದ, ಆಡು ಬೇಲಿ ಮೇಯ್ದಂಗ.’

ನಾನು ಮೋಟರ್ ಸುತ್ತುವಾಕೆ.
ಮಗ್ಗದ ಮೋಟರು ಸುಟ್ಟ ವಾರ್ನಿಶಿನ ಘಾಟಿನಲ್ಲಿ
ತೊಟ್ಟಿಲು ತೂಗಿಸಿಕೊಂಡಾಕೆ.
ಅಂಗೈಯಲ್ಲಿ ಹಿಡಿದರೆ ಸಾಕು,
ಯಾವುದರಲ್ಲಿ ತಾಮ್ರ ಕದ್ದಿದ್ದಾರೆ ಹೇಳಿಯೇನು.

ಗಾಲಿಯ ಮೋಟರು ಎರಡು ತರಿಸಿದ್ದೆ.
ಒಂದು ರೊಟ್ಟಿಹಂಚಿನಷ್ಟು ಅಗಲ,
ಸಾವಿರ ವ್ಯಾಟ್ ಅಂತ ಮೈಮೇಲೆ ಬರೆದುಕೊಂಡದ್ದು.
ಕರೆಂಟಿಲ್ಲದೆ ಕೈಯಿಂದ ತಿರುಗಿಸಿದೆ.
ತಡೆ, ಬಿಡು. ತಡೆ, ಬಿಡು.
ಒಳಗಿನ ಅಯಸ್ಕಾಂತ ಒಂದೊಂದೇ ಹಲ್ಲನ್ನು
ಹಿಡಿದು ಹಿಡಿದು ಕಳಿಸುತ್ತದೆ.
ಬ್ಯಾಟರಿ ತೀರಿದ ದಿನ
ಇದನ್ನು ತುಳಿಯುವ ಮೊಣಕಾಲು ಯಾರದು?

ಇನ್ನೊಂದು ಸಣ್ಣದು, ಬರೀ ಇನ್ನೂರೈವತ್ತು.
ಹೊಟ್ಟೆಯಲ್ಲಿ ಮೂರು ನೈಲಾನ್ ಹಲ್ಲುಗಾಲಿ,
ಒಲೆಗೂಡಿನ ಬೆಕ್ಕಿನ ಹಾಗೆ ಗುರುಗುಟ್ಟುತ್ತದೆ.
ಕರೆಂಟು ಕಿತ್ತರೆ ಮಾತ್ರ
ಸುಮ್ಮನೆ ದಾರಿ ಬಿಡುತ್ತದೆ.
‘ನೈಲಾನ್ ಸವೀತದ,’ ಅಂದ ಬಾಳೇಶಿ.
ಸವೆಯಲಿ.
ಮೊಣಕಾಲೂ ಸವೆದಿದೆ,
ಅದರ ಬಿಡಿಭಾಗ ರಬಕವಿಯಲ್ಲಿ ಸಿಗುವುದಿಲ್ಲ.

ಕಂಟ್ರೋಲರ್ ಡಬ್ಬಿಯಿಂದ
ಮೂರು ದಪ್ಪ ತಂತಿ, ಮೂರು ಸಣ್ಣ,
ಹಳದಿ, ಹಸಿರು, ನೀಲಿ.
ಬಣ್ಣಕ್ಕೆ ಬಣ್ಣ ಕೂಡಿಸು ಅಂದಿತ್ತು ಚೀಟಿ.
ಕೂಡಿಸಿದೆ. ಚಳಿಜ್ವರ ಬಂದಂತೆ
ಗಾಲಿ ಗಡಗಡ ನಡುಗಿತು.
ಅದಲು ಬದಲು ಮಾಡಿದೆ. ಹಿಂದಕ್ಕೆ ತಿರುಗಿತು.

‘ಎಳಿ ತಪ್ಪ್ಯಾವ,’ ಗುರಬಸವ್ವ, ಬಾಗಿಲಲ್ಲಿ,
ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ,
‘ನೀಲಿ ಮೊದಲ ಹಿಡಿ.’
ಮೋಟರಿನ ಸುದ್ದಿ ಏನೇನೂ ಅರಿಯದಾಕೆ,
ನಲವತ್ತು ವರ್ಷ ಬಣ್ಣದ ನೂಲು ಸುತ್ತಿದಾಕೆ.
ನೀಲಿ ಮೊದಲು ಹಿಡಿದೆ.
ತಿರುಗಿತು, ಮುಂದಕ್ಕೆ, ಮೆತ್ತಗೆ.
ಇರುವುದೇ ಆರು ದಾರಿ,
ಒಂದಲ್ಲ ಒಂದು ಹತ್ತಲೇಬೇಕಿತ್ತು
ಅಂತ ಆ ರಾತ್ರಿ ನನಗೆ ನಾನೇ ಹೇಳಿಕೊಂಡೆ.

ಮರುದಿನ ಎಕ್ಸಿಲೇಟರ್ ಹಿಂಡಿದ್ದೇ ತಡ
ಗಾಲಿಯ ಬದಲು ಅಚ್ಚೇ ತಿರುಗಿತು,
ತಂತಿಗಳು ಕರುಳಿನಂತೆ ಸುತ್ತಿಕೊಂಡು ಹರಿದವು.
ಬಾಳೇಶಿ ‘ನಾ ಹೇಳಿದ್ದೆ’ ಅನ್ನಲಿಲ್ಲ.
ಗುಜರಿಗೆ ಇಟ್ಟಿದ್ದ ಮಗ್ಗದ ಪಟ್ಟಿ ಕತ್ತರಿಸಿ
ಅಚ್ಚಿನ ಅಳತೆಗೆ ಅರವಿಟ್ಟು ಉಜ್ಜಿ
ಫೋರ್ಕಿಗೆ ಬಿಗಿದು ಹೋದ,
ಚಹಾ ಕೂಡ ಕುಡಿಯದೆ.

ಬ್ಯಾಟರಿಗೆ ನಲವತ್ತು ಸೆಲ್.
ಒಂದೊಂದನ್ನೂ ಮೀಟರಿಗೆ ಹಿಡಿದು
ಸರಿಜೋಡಿ ನೋಡಿ ಕೂಡಿಸಿದೆ,
ಕುಂಡಲಿ ನೋಡುವವರೂ ಇಷ್ಟು ನೋಡಲಿಕ್ಕಿಲ್ಲ.

ಗುರುವಾರ ಮಧ್ಯಾಹ್ನ ಆಕೆ ಹೊರಟಳು,
ಹಿಂದೆ ಎರಡು ಚೀಲ.
ಓಣಿ ದಾಟುವ ಮೊದಲೇ ಕರೆಂಟು ಹೋಯಿತು.
ಮಗ್ಗಗಳೆಲ್ಲ ಒಂದೇ ಉಸಿರಿಗೆ ನಿಂತವು.
ದಿನವಿಡೀ ಕೂಗಿಯೇ ಮಾತಾಡುವ ಊರು
ಬಾಯಿ ತೆರೆದು, ತನ್ನ ದನಿಗೇ ಬೆಚ್ಚಿ
ಕಟ್ಟೆಗೆ ಬಂದು ನಿಂತಿತು.
ಆ ಮೌನದಲ್ಲಿ
ಇಡೀ ಬನಹಟ್ಟಿಯಲ್ಲಿ ತಿರುಗುತ್ತಿದ್ದ ಮೋಟರು
ಅದೊಂದೇ, ಬೆಕ್ಕಿನ ಗುರುಗುರು,
ಮನೆಯಿಂದ ಮನೆಗೆ ದಾಟುತ್ತ.

ನನ್ನ ಎದೆ ಉಬ್ಬಿದ್ದು ನಿಜ.

ಆಮೇಲೆ ದಸ್ತಗೀರ ಕೂಗಿದ, ‘ಬ್ರೇಕ್! ಬ್ರೇಕ್ ಹಿಡೀಬೇ!’
ಗುರಬಸವ್ವ ಹಿಡಿದಳು. ಏನೂ ಆಗಲಿಲ್ಲ.
ಎರಡೂ ಚಪ್ಪಲಿ ನೆಲಕ್ಕೆ ಒತ್ತಿ, ಧೂಳೆಬ್ಬಿಸಿ,
ಗಿರಣಿ ಗೋಡೆಗೆ ಒಂದು ಗೇಣು ಉಳಿದಾಗ ನಿಂತಳು.
ಒಂದು ಚಪ್ಪಲಿಯ ಉಂಗುಟ ಹರಿದಿತ್ತು.

ರಬ್ಬರು ಹಳೇದೇ ಇತ್ತು.
ಮೂರು ಸಂಜೆಯ ಜಗಳದಲ್ಲಿ ಯಾರೂ
ಅದರ ಹೆಸರೇ ಎತ್ತಿರಲಿಲ್ಲ.