ಈರುಳ್ಳಿಸಿಪ್ಪೆ ಬಣ್ಣ

ಗೋಡೆ ತುಂಬ ಮೂವತ್ತು ಟಿ.ವಿ.
ಮೂವತ್ತರಲ್ಲೂ ಒಂದೇ ಗಿಳಿ
ಒಂದೇ ಸಲ ಕತ್ತು ಕೊಂಕಿಸುತ್ತದೆ.
ಹಸಿರು ಮಾತ್ರ ಮೂವತ್ತು ಥರ.

ನವರಂಗ್ ಸರ್ಕಲ್ಲಿನ ಈ ಅಂಗಡಿಗೆ
ಚೀಟಿ ಎತ್ತಿದ ದುಡ್ಡು ಹಿಡಿದು ಬಂದವರು ನಾವು ಮೂರು ಜನ.
ಇವರು ಮನೆಯಲ್ಲೇ ಗೋಡೆ ಅಳೆದು
ನನ್ನ ಟೇಪನ್ನು ಜೇಬಿಗಿಳಿಸಿದ್ದಾರೆ:
ಬೀರುವಿನಿಂದ ಕಿಟಕಿಗೆ ನಲವತ್ತೊಂದು ಇಂಚು,
ಮೇಲೆ ಒಂದು ನೂಲೂ ಇಲ್ಲ.
ಟಿ.ವಿ.ಯನ್ನು ಮೂಲೆಯಿಂದ ಮೂಲೆಗೆ ಅಳೆಯುತ್ತಾರೆಂದು ತಿಳಿದಾಗ
"ನೀನು ಹೀಗೆ ರವಿಕೆ ಅಳತೆ ತಗೊಂಡ್ರೆ
ಗಿರಾಕಿ ಸುಮ್ಮನಿರ್ತಾರಾ?" ಅಂದರು.

ಅತ್ತೆ ಪುಟ್ಟನಂಜಮ್ಮನಿಗೆ ಒಂದೇ ಚಿಂತೆ.
"ಇಷ್ಟು ತೆಳ್ಳಗಿದೆಯಲ್ಲಪ್ಪ,
ಬೆಕ್ಕು ಎಲ್ಲಿ ಮಲಗಬೇಕು?"

ತೋರಿಸುವ ಹುಡುಗ ತೌಸೀಫ್. ಕೊರಳಲ್ಲಿ ನೀಲಿ ಪಟ್ಟಿ,
ಬಾಯಲ್ಲಿ ಫೋರ್ ಕೆ, ಎಚ್‌ಡಿಆರ್, ಇನ್ನೂ ಏನೇನೋ ಬೀಜಾಕ್ಷರ.
"ಎಂಬತ್ತು ಲಕ್ಷ ಚುಕ್ಕಿ ಮೇಡಂ, ಇದೊಂದರಲ್ಲೇ."
ಹದಿನೈದು ಚುಕ್ಕಿಯ ರಂಗೋಲಿಗೇ
ನನ್ನ ಸೊಂಟ ಹಿಡಿದುಕೊಳ್ಳುತ್ತದೆ.

ನಾನು ಬಂದದ್ದು ಬೇರೆ ಲೆಕ್ಕಕ್ಕೆ.
ಶ್ರೀರಾಮಪುರ, ಹಿಟ್ಟಿನ ಗಿರಣಿ ಪಕ್ಕ,
ಹತ್ತೊಂಬತ್ತು ವರ್ಷದಿಂದ ಫಾಲ್, ಪಿಕೋ, ಮ್ಯಾಚಿಂಗ್.
ನವಿಲುಕಂಠ ಕೇಳಿದವರಿಗೆ ರಾಮಾ ಗ್ರೀನ್ ಕೊಟ್ಟವಳಲ್ಲ.
ಬಣ್ಣದಲ್ಲಿ ಕಣ್ಣು ತಪ್ಪಿದ್ದು ಒಂದೇ ಸಲ,
ತಪ್ಪಿದ್ದೂ ಕಣ್ಣಲ್ಲ.
ಕಾಮಾಲೆ ಇದ್ದದ್ದು ನಮ್ಮ ಹಳೇ ಟಿ.ವಿ.ಗೆ.

ಚೂಡಾಮಣಿಯವರು ಮಗಳ ನಿಶ್ಚಿತಾರ್ಥಕ್ಕೆ
"ಎಂಟೂವರೆ ಧಾರಾವಾಹಿಯ ಸೊಸೆ ನಿನ್ನೆ ಹಾಕಿದ್ದಳಲ್ಲ,
ಅದೇ ಬಣ್ಣದ ರವಿಕೆ" ಅಂದಿದ್ದರು.
ನಾನೂ ನೋಡಿದ್ದೆ. ಇಟ್ಟಿಗೆ ಬಣ್ಣ.
ಕೈಗೆ ಮಣಿ ಕೂರಿಸಿ, ಎರಡು ರಾತ್ರಿ ಕೂತು ಹೊಲಿದೆ.
ಅದು ಈರುಳ್ಳಿಸಿಪ್ಪೆಯಂತೆ.
ಬೈದಿದ್ದರೆ ಚೆನ್ನಾಗಿತ್ತು.
ದುಡ್ಡು ಎಣಿಸಿಟ್ಟು ಹೋದವರು
ಈಗ ಹಿಟ್ಟು ಬೀಸಿಸಲೂ ಆಚೆ ಬೀದಿಗೆ ಹೋಗುತ್ತಾರೆ.

ಬ್ಯಾಗಿನಿಂದ ನೂಲಿನ ರೀಲು ತೆಗೆದೆ.
"ಬಾಗಿಲಿಗೆ ಬಾಪ್ಪ, ಬಿಸಿಲಲ್ಲಿ ಇದರ ಫೋಟೋ ಹಿಡಿ.
ಗಿಳಿಯ ಜಾಗಕ್ಕೆ ಇದನ್ನ ಹಾಕು."
"ಫೋನೇ ಬಣ್ಣ ಬದಲಾಯಿಸತ್ತೆ ಮೇಡಂ."
"ಬದಲಾಯಿಸಲಿ. ಆ ಸುಳ್ಳು, ಟಿ.ವಿ.ಯ ಸುಳ್ಳು
ಎಲ್ಲಿ ಕೂಡಿ ನಿಜ ಆಗತ್ತೋ
ಅದನ್ನ ತಗೋತೀನಿ."
ಅವನು ಮ್ಯಾನೇಜರಿನ ಕಡೆ ನೋಡಿದ.
ಮ್ಯಾನೇಜರು ಊಟದ ಡಬ್ಬಿ ಬಿಚ್ಚುತ್ತಿದ್ದರು.

ಗಿಳಿ ಹಾರಿಹೋಯಿತು.
ಮೂವತ್ತು ರೀಲು, ಒಂದೊಂದೂ ನೀರಿನ ಡ್ರಮ್ಮಿನಷ್ಟು,
ಹಿಡಿದ ನನ್ನ ಹೆಬ್ಬೆರಳು, ಅದರ ಸೂಜಿಗಾಯ
ಊರಿಗೆಲ್ಲ ಕಾಣುವಂತೆ.
ಒಂದರಲ್ಲಿ ರಾಣಿ ಪಿಂಕು. ಒಂದರಲ್ಲಿ ಬೀಟ್ರೂಟ್ ಪಲ್ಯ.
ಲಕ್ಷ ಮೀರಿದ್ದರಲ್ಲಿ ನೂಲಿಗೆ ಬೆಂಕಿ ಬಿದ್ದ ಹಾಗೆ.
ಇವರು ಅದರ ಮುಂದೇ ನಿಂತುಬಿಟ್ಟರು, ಬಾಯಿ ತೆರೆದು.

ಕೊನೇ ಸಾಲಿನಲ್ಲಿ, ಕಂಬದ ಮರೆಗೆ,
ಹೆಸರೇ ಕೇಳದ ಕಂಪನಿಯದೊಂದು.
ಅದರಲ್ಲಿತ್ತು.
ಒಣಸಿಪ್ಪೆಯಲ್ಲ, ಅದರ ಒಳಗಿನ ಪದರ,
ಉಗುರು ತಾಗಿದರೆ ಕಣ್ಣಲ್ಲಿ ನೀರು ಬರುವಂಥದ್ದು.
"ಅದು ಓಡೋ ಮಾಲಲ್ಲ ಮೇಡಂ" ಅಂದ ತೌಸೀಫ್, ಮೆಲ್ಲಗೆ.
ಓಡದಿದ್ದರೇನು, ಗೋಡೆಯಲ್ಲಿ ಇರಬೇಕಾದದ್ದು.

ಈಗ ಬೀರು ಕಿಟಕಿಗಳ ನಡುವೆ ನೆಟ್ಟಗೆ ಕೂತಿದೆ,
ಎರಡೂ ಕಡೆ ಇವರ ಕಿರುಬೆರಳು ತೂರುವಷ್ಟು ಜಾಗ.
ಬೆಕ್ಕಿಗೆ ಟಿ.ವಿ. ಬಂದ ಡಬ್ಬವೇ ಸಾಕಾಯಿತು.
ಎಂಟೂವರೆ. ಈಗಿನ ಸೊಸೆ ಬೇರೆ, ಅಳು ಅದೇ.
"ಅಯ್ಯೋ, ಇವಳಿಗೂ ಮೊಡವೆ!" ಅತ್ತೆಗೆ ಏನೋ ಸಮಾಧಾನ.

ಸೊಸೆ ಮೆಟ್ಟಿಲಿಳಿದು ಬಂದಳು.
ಸೀರೆಯ ಅಂಚಿನಲ್ಲಿ ಫಾಲ್ ಬಿಟ್ಟುಕೊಂಡಿದೆ, ಎರಡು ಬೆರಳಗಲ.
ಹೊಲಿದ ನೂಲೂ ಬೇರೆ ಬಣ್ಣ.
ಮನೆತನ ಹಾಳಾಗುತ್ತಿದೆ ಎಂದು ಅವಳು ಏನೇನೋ ಹೇಳುತ್ತಿದ್ದಳು.
ನನ್ನ ಕೈ ಕತ್ತಲಲ್ಲೇ
ಸೂಜಿಯ ಡಬ್ಬಿ ತಡಕುತ್ತಿತ್ತು.