ಫೈನಲ್ ಏಳು

ಕುಟ್ಟದ ಕಡೆಯ ಕೊನೇ ಬಸ್ಸು ಹೋದ ಮೇಲೆ
ಅಂಗಡಿಯ ಶಟರು ಮುಕ್ಕಾಲು ಇಳಿಸಿ
ಹಿಂದಿನ ಗೋದಾಮಿಗೆ ಹೋಗುತ್ತೇನೆ.
ಗೋಣಿಕೊಪ್ಪ, ಊರ ಹೆಸರಲ್ಲೇ ಗೋಣಿ ಇದೆ,
ಇಲ್ಲಿ ಸೂರಿನವರೆಗೆ ಕಾಫಿ ಮೂಟೆ.
ಚಪ್ಪಾಳೆ ತಟ್ಟಿದರೆ ನುಂಗಿಬಿಡುತ್ತವೆ,
ಚೂರೂ ವಾಪಸು ಕೊಡುವುದಿಲ್ಲ.
ದುಡ್ಡು ಕೊಟ್ಟರೂ ಸಿಗದ ಸ್ಟುಡಿಯೋ ಇದು.

ತಕ್ಕಡಿಯ ಪಕ್ಕ ಲ್ಯಾಪ್‌ಟಾಪು.
ಹೆಡ್‌ಫೋನಿನ ಎಡಗಿವಿ ಸತ್ತು ವರ್ಷವಾಯಿತು,
ಎಡಕ್ಕೆ ಏನಿಟ್ಟಿದ್ದೇನೆಂದು
ಪರದೆಯ ಗೆರೆ ನೋಡಿ ತಿಳಿಯಬೇಕು,
ಕಿವಿ ಕೇಳದವರು ತುಟಿ ಓದುವ ಹಾಗೆ.

ಇರುವ ಸದ್ದೆಲ್ಲ ಹಗಲು ಕದ್ದದ್ದು.
ಐವತ್ತು ಕೆಜಿ ಮೂಟೆ ನೆಲಕ್ಕೆ ಬಿದ್ದದ್ದು ಕಿಕ್ಕು.
ಜರಡಿಯಲ್ಲಿ ಚಿಕೋರಿ ಆಡಿದ್ದು ಹೈ-ಹ್ಯಾಟು.
ಹುರಿಯುವ ಡ್ರಮ್ಮಿನ ಗುಂಯ್‌ಗುಡಿತವನ್ನು
ಕೆಳಗೆ, ಇನ್ನೂ ಕೆಳಗೆ ಇಳಿಸಿದರೆ ಬೇಸು.
ಎಂಟು ಆವರ್ತಕ್ಕೆ ಇಷ್ಟಿದ್ದರೆ ಸ್ವರ್ಗ.
ಎಂಟು ಮುಗಿದರೆ ಮತ್ತೆ ಒಂದು.
ನಾಲ್ಕು ತಿಂಗಳಿಂದ
ನಾನು ಒಂಬತ್ತನೆಯದಕ್ಕೆ ಹೋಗಿಲ್ಲ.

ಹೀಗೆ ಅರವತ್ಮೂರಿವೆ, ತಲೆಯಿದ್ದು ಕಾಲಿಲ್ಲದವು.
ಹೊಸದು, ಹೊಸದು ಎರಡು, ಇದೇ, ಇದೇ ಸರಿ,
ಫೈನಲ್, ಫೈನಲ್ ಮೂರು, ಸುಮ್ಮನೆ.
ಒಂದರ ಹೆಸರು ಬರೀ ಮಂಗಳವಾರ.
ಚೆನ್ನಾಗಿತ್ತು ಅದು.

ಒಂದಿಡೀ ರಾತ್ರಿ ಸ್ನೇರು ಆರಿಸುವುದರಲ್ಲಿ ಹೋಯಿತು,
ಅತ್ತೆಯಂದಿರು ನನಗೆ ಗಂಡು ನೋಡಿದ ಹಾಗೆ:
ಇದರ ಮೂಗು, ಅದರ ಮನೆತನ.
ಬೆಳಗಾಗುವಾಗ ಮೊದಲು ಬಂದದ್ದನ್ನೇ ಒಪ್ಪಿದೆ.
(ಗಂಡಿನ ವಿಷಯದಲ್ಲಿ ಅದೂ ಆಗಲಿಲ್ಲ.)

ಅಮ್ಮತ್ತಿಯ ಶಂಸೀರನದು ಬೇರೆ ದಾರಿ.
ಮದುವೆಗಳಿಗೆ ಮೈಕ್‌ಸೆಟ್ಟು ಕಟ್ಟುವವನು,
ರಾತ್ರಿಗೊಂದು ಮಾಡಿ, ಹೆಸರಿಟ್ಟು, ಹೊರಗೆ ತಳ್ಳುತ್ತಾನೆ.
ಮುನ್ನೂರು ಮುಗಿಸಿದ್ದಾನೆ. ಎರಡು ಚೆನ್ನಾಗಿವೆ.
ಯಾವ ಎರಡೆಂದು ಅವನಿಗೆ ಗೊತ್ತಿಲ್ಲ.
ನನ್ನದನ್ನು ಪಿಕಪ್ಪಿನಲ್ಲಿ ಹಾಕಿ ಕೇಳಿಸಿದ:
ಗೋದಾಮಿನಲ್ಲಿ ಆನೆಯಾಗಿದ್ದ ಬೇಸು
ಅಲ್ಲಿ ಸೊಳ್ಳೆ.
'ಮುಗಿಸು ಜಲಜಾ,' ಅಂದ, 'ಕೆಟ್ಟದಾಗಿಯಾದರೂ.'

ಮೊನ್ನೆ ಕುಟ್ಟಪ್ಪಣ್ಣ ಹುರಿಯುತ್ತಿದ್ದಾಗ
ಪಕ್ಕದಲ್ಲೇ ಫೋನು ಹಿಡಿದು ನಿಂತಿದ್ದೆ, ಸಿಡಿತ ಹಿಡಿಯಲು.
ಮೂವತ್ತು ವರ್ಷ ಆ ಮಿಶಿನ್ನಿನ ಜೊತೆ,
ಕಿವಿ ಅರ್ಧ ಅದಕ್ಕೇ ಕೊಟ್ಟಿದ್ದಾನೆ.
ತಟಕ್ಕನೆ ಬಾಗಿಲು ತೆಗೆದ. ಕಾಳು ಸುರಿಯಿತು.
'ಬಣ್ಣ ಇನ್ನೂ ಬರಲಿಲ್ಲವಲ್ಲ?'
'ಬಂದ ಮೇಲೆ ತೆಗೆದ್ರೆ ಇದ್ದಿಲು.
ಉಳಿದದ್ದು ಅದರ ಬಿಸಿಗೇ ಆಗ್ತದೆ,'
ಅಂದು ಕೆಮ್ಮಿದ.

ಅವತ್ತು ರಾತ್ರಿ ಏನೂ ಸೇರಿಸಲಿಲ್ಲ.
ಹನ್ನೊಂದು ಪದರ ಅಳಿಸಿದೆ, ಕೈ ನಡುಗುತ್ತಾ,
ಕೊಳಲಿನಂಥದ್ದು, ಮಂಜಿನಂಥದ್ದು,
ಬಹಳ ಮುದ್ದು ಮಾಡಿ ಸಾಕಿದ್ದ ಒಂದು ಗಂಟೆ.
ಒಂಬತ್ತನೇ ಆವರ್ತದಲ್ಲಿ ಮೂಟೆ ಬೀಳಲಿಲ್ಲ,
ಅದು ಬೀಳಬೇಕಿದ್ದ ಜಾಗ ಮಾತ್ರ ಇತ್ತು,
ಅದರಲ್ಲಿ ಕುಟ್ಟಪ್ಪಣ್ಣನ ಕೆಮ್ಮು.

ಆಗ ಕರೆಂಟು ಹೋಯಿತು.
ಲ್ಯಾಪ್‌ಟಾಪಿನ ಬ್ಯಾಟರಿ ಎಂದೋ ತೀರಿಕೊಂಡಿದೆ,
ಯುಪಿಎಸ್ಸಿನಲ್ಲಿ ಹನ್ನೆರಡು ನಿಮಿಷ.
ಕೂಗತೊಡಗಿತು ಅದು, ನನ್ನ ಶ್ರುತಿಗೆ ಅರ್ಧ ಸ್ವರ ಕೆಳಗೆ.
ಕೊನೆ ಹೇಗೆಂದು ಯೋಚಿಸಲು ಹೊತ್ತಿರಲಿಲ್ಲ,
ಇದ್ದಲ್ಲೇ ಕತ್ತರಿಸಿದೆ.
ಹೆಸರು ಕೇಳಿತು. ಏಳು ಎಂದೆ.
ಹಸಿರು ಪಟ್ಟಿ ತುಂಬುವುದನ್ನು
ಹಾಲು ಉಕ್ಕುವುದನ್ನು ಕಾದಂತೆ ಕಾದೆ.

ಬೆಳಿಗ್ಗೆ ಗಲ್ಲಾದ ಮೇಲಿನ ಸ್ಪೀಕರಿಗೆ ಹಾಕಿದೆ.
ಪೊನ್ನಂಪೇಟೆಯ ಟೀಚರು ಕಾಲು ಕೆಜಿ,
ಎಂಬತ್ತು-ಇಪ್ಪತ್ತು, ಚಿಲ್ಲರೆ ಎಣಿಸುತ್ತಾ ಅಂದರು,
'ನಿಮ್ಮ ಮಿಶಿನ್ ಏನೋ ಸದ್ದು ಮಾಡ್ತಾ ಉಂಟು.
ಒಮ್ಮೆ ನೋಡಿಸಿ.'

ಕುಟ್ಟಪ್ಪಣ್ಣ ಎದ್ದು ಹೋದ.
ಮಿಶಿನ್ ಆಫಾಗಿತ್ತು.
ತಣ್ಣಗಿದ್ದ ಡ್ರಮ್ಮಿನ ಮೇಲೆ ಕೈಯಿಟ್ಟು
ಅಲ್ಲೇ ನಿಂತ,
ಮೂರು ನಿಮಿಷ ನಲವತ್ತು ಸೆಕೆಂಡು.